ಬಾಣಂತಿ ಕೋಣೆಯ ಹಳದಿ ಬಲ್ಬು

ನಾನು ಒಂಬತ್ತು ವಾಟಿನ ಒಂದು ಹಳದಿ ಎಲ್ಇಡಿ ಬಲ್ಬು. ಹುಟ್ಟಾ ಪುಕ್ಕಲ. ಊರಿಗೆಲ್ಲ ಬೆಳಕು ಕೊಡುವ ಜಾತಿಗೆ ಎಂಥ ಹೆದರಿಕೆ ಎಂದು ನೀವು ನಗಬಹುದು. ನಗುವುದಿದ್ದರೆ ಕಥೆ ಮುಗಿದ ಮೇಲೆ ನಗಿ.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ನನ್ನ ಹೊಟ್ಟೆಯೊಳಗೆ ಜೋಳದ ಕಾಳಿಗಿಂತ ಸಣ್ಣ ದೀಪಗಳನ್ನು ಕೂರಿಸಿ, ಮೇಲೆ ಹಾಲುಬಣ್ಣದ ಟೋಪಿ ಒತ್ತಿದರು. ಆ ದೀಪಗಳಿಗೆ ಬಳಿಯುವ ಲೇಪದ ಮೇಲೆ ನಮ್ಮ ಜಾತಕ ನಿಂತಿರುತ್ತದೆ. ಕೆಲವರು ಬಿಳಿ, ಕೆಲವರು ಹಳದಿ. ಆಮೇಲೆ ನೂರಾರು ಮಂದಿಯನ್ನು ಒಂದೇ ಹಲಗೆಗೆ ಸಿಕ್ಕಿಸಿ, ಹೊತ್ತಿಸಿ ಆರಿಸಿ, ಆರಿಸಿ ಹೊತ್ತಿಸಿ ಪರೀಕ್ಷೆ ಮಾಡಿದರು. ನನ್ನ ಪಕ್ಕದವನು ಎರಡು ಸಲ ಕಣ್ಣು ಮಿಟುಕಿಸಿ ಸುಮ್ಮನಾದ. ಅವನನ್ನು ಕಿತ್ತು ಬುಟ್ಟಿಗೆ ಎಸೆದರು. ಸಾವಿನ ಹೆದರಿಕೆ ಅಂದು ನನ್ನೊಳಗೆ ಸೇರಿತು. ಅದಕ್ಕಿಂತ ದೊಡ್ಡ ಹೆದರಿಕೆ ಇದೆಯೆಂದು ಆಗ ಗೊತ್ತಿರಲಿಲ್ಲ.

ಗದಗದ ಪೇಟೆಯಲ್ಲಿ ವಿರೂಪಾಕ್ಷಪ್ಪನ ಕರೆಂಟು ಸಾಮಾನಿನ ಅಂಗಡಿ. ಅಲ್ಲಿಗೆ ಒಂದು ದಿನ ಬಸಲಿಂಗವ್ವ ಬಂದಳು. ಮಗಳು ದಾನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಯಾವ ಕೋಣೆಗೆ ಯಾವ ಬಲ್ಬು ಎಂಬುದನ್ನು ಬಸಲಿಂಗವ್ವ ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಿದ್ದಳು.

"ಅಡಿಗಿ ಮನಿಗೆ ಬೆಳ್ಳಂದು ಕೊಡು, ಅಕ್ಕ್ಯಾಗಿನ ಹರಳ ಕಾಣಬೇಕು. ಪಡಸಾಲಿಗೂ ಬೆಳ್ಳಂದ. ಬಾಣಂತಿ ಖೋಲಿಗೆ ಮಾತ್ರ ಹಳದೀದು. ಬೆಳ್ಳಂದು ಕೂಸಿನ ಕಣ್ಣಿಗೆ ಚುಚ್ಚತೈತಿ."

"ಅಲ್ಲಿಗೂ ಬೆಳ್ಳಂದ ಒಯ್ರಿ ಅವ್ವಾರ. ಕೂಸಿನ ಮಾರಿ ನಿಚ್ಚಳ ಕಾಣತೈತಿ" ಎಂದ ವಿರೂಪಾಕ್ಷಪ್ಪ.

"ನಾಕ್ ಮಕ್ಕಳನ್ನ ಹಡದಾಕಿ ನಾ. ನನಗ ಹೇಳ್ತೀಯೇನೋ ತಮ್ಮಾ?"

ವಿರೂಪಾಕ್ಷಪ್ಪ ನನ್ನನ್ನು ಹಲಗೆಗೆ ಸಿಕ್ಕಿಸಿ ಹೊತ್ತಿಸಿ ತೋರಿಸಿದ. ನಾನು ಹೆಮ್ಮೆಯಿಂದ ಉಬ್ಬಿದೆ. ನನ್ನ ಜೊತೆಗೆ ಬಂದ ಬಿಳಿಯ ಅಣ್ಣ ಅಡುಗೆಮನೆ ಸೇರಿದ.

ದಾನೇಶ್ವರಿ ಹೆಣ್ಣುಕೂಸನ್ನು ಹೆತ್ತು ಎರಡನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಗಾಳಿ ಸೋಕಬಾರದೆಂದು ಬಸಲಿಂಗವ್ವ ಕೋಣೆಯ ಒಂದೇ ಕಿಟಕಿಯನ್ನು ಮುಚ್ಚಿ, ಅದರ ಮೇಲೆ ದಪ್ಪ ಕೌದಿಯನ್ನೂ ಕಟ್ಟಿದ್ದಳು. ಹಗಲು ರಾತ್ರಿ ಅಲ್ಲಿ ನಾನೊಬ್ಬನೇ ಸೂರ್ಯ. ನೋಡಲು ಬಂದವರೆಲ್ಲ "ಕೂಸು ಬಂಗಾರದಂಗ ಐತಿ" ಎಂದರು. ಆ ಬಂಗಾರ ನನ್ನದೆಂದು ನಾನು ಬೀಗಿದೆ.

ಬಾಣಂತಿಗೂ ಕೂಸಿಗೂ ನೀರೆರೆಯಲು ಬರುವ ಫಕೀರವ್ವ ದಿನವೂ ಕೂಸಿಗೆ ಎಣ್ಣೆ, ಅರಿಶಿನ ಹಚ್ಚಿ ತಿಕ್ಕುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹೊರಗೆ ಹೋಗುವಾಗ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಪಡಸಾಲೆಯ ಬಿಸಿಲು ಒಂದು ಗೇಣು ಒಳಗೆ ಬಂದು ಕೂಸಿನ ಬರಿಗಾಲಿನ ಮೇಲೆ ಬಿತ್ತು. ನಾನು ನೋಡಿದೆ. ಆ ಕಾಲು ಹಳದಿ. ಬಿಸಿಲಿನಲ್ಲೂ ಹಳದಿ. ಅದು ನನ್ನ ಬಣ್ಣವಾಗಿರಲಿಲ್ಲ, ಅರಿಶಿನದ ಬಣ್ಣವೂ ಅಲ್ಲ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ನನ್ನ ಬೆಳಕಿನಲ್ಲಿ ಕೂಸಿನ ಕಾಲು ಮತ್ತೆ ಅದರ ತಾಯಿಯ ಕೈಯ ಬಣ್ಣವೇ ಆಯಿತು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ನಾನು ಲೋಕವನ್ನೆಲ್ಲ ಹಳದಿ ಮಾಡಿ ಕಾಮಾಲೆಯನ್ನೇ ಕಾಣದಂತೆ ಮಾಡಿದ್ದೆ.

"ಅವ್ವಾ, ಇದು ಮಲಿ ಬಾಯಾಗ ಹಿಡಕೊಂಡ ನಿದ್ದಿ ಹತ್ತಿ ಬಿಡತೈತಿ. ಎಬ್ಬಿಸಿದ್ರೂ ಏಳವಲ್ದು" ಎಂದಳು ದಾನೇಶ್ವರಿ.

"ಹಸಗೂಸು ಮಲಗದ ಏನ್ ಮಾಡತೈತಿ? ಬಂದ ಮಂದಿ ಕಣ್ಣ ಬಿದ್ದಿರಬೇಕು."

ಬಸಲಿಂಗವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಬಾಯಲ್ಲಿ ಧೈರ್ಯ, ಎದೆಯಲ್ಲಿ ಅಳುಕು. ಸ್ವಲ್ಪ ಹೊತ್ತಿಗೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಹತ್ತಿರ ಹಿಡಿದು ಮುಖವನ್ನು ದಿಟ್ಟಿಸಿದಳು. ನನ್ನ ಜೀವ ಹಾರಿಹೋಯಿತು. ಹತ್ತಿರ ತಂದಷ್ಟೂ ನಾನು ಹೆಚ್ಚು ಮುಚ್ಚಿಡುತ್ತಿದ್ದೆ. ಕೌದಿ ಸರಿಸು ತಾಯಿ, ನನ್ನನ್ನು ಆರಿಸು ಎಂದು ಕೂಗಿಕೊಂಡೆ. ಬಲ್ಬಿನ ಕೂಗು ಬೆಳಕೇ ತಾನೇ? ಕೂಗಿದಷ್ಟೂ ಹಳದಿ ಸುರಿಯಿತು. ಅವಳು ಕೂಸಿನ ಕೆನ್ನೆ ಸವರಿ "ಏನೂ ಆಗಿಲ್ಲ" ಎಂದು ಮಲಗಿಸಿದಳು.

ಕಾರ್ಖಾನೆಯ ಬುಟ್ಟಿಗೆ ಹೆದರಿದ್ದ ನಾನು ಅಂದು ಸುಟ್ಟುಹೋಗಲು ಹಂಬಲಿಸಿದೆ. ನಾನು ಸತ್ತರೆ ಯಾರಾದರೂ ಕಿಟಕಿ ತೆಗೆಯುತ್ತಾರೆ. ಆದರೆ ನನ್ನ ಡಬ್ಬಿಯ ಮೇಲೆ ಹದಿನೈದು ವರ್ಷ ಆಯುಸ್ಸೆಂದು ಬರೆದಿತ್ತು. ಬೇಡವೆಂದರೂ ಉರಿದೆ.

ಐದನೆಯ ದಿನ ಫಕೀರವ್ವನಿಗೆ ಜ್ವರ. ಅವಳು ಬರಲಿಲ್ಲ. ಕೂಸಿಗೆ ಸ್ನಾನವಿಲ್ಲ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಹೊಸ ಬಟ್ಟೆ ಸುತ್ತಿದರು. ಸಂಜೆ ಬಸಲಿಂಗವ್ವ ಕೂಸು ಒದ್ದೆ ಮಾಡಿದ ಬಿಳಿ ಬಟ್ಟೆ ಹಿಡಿದು ಅಡುಗೆಮನೆ ದಾಟಿ ಹಿತ್ತಲಿಗೆ ಹೊರಟಳು. ಬಾಗಿಲು ತೆರೆದೇ ಇತ್ತು, ನನಗೆ ಕಾಣುತ್ತಿತ್ತು. ಬಿಳಿ ಬಲ್ಬಿನ ಕೆಳಗೆ ಅವಳು ಗಕ್ಕನೆ ನಿಂತಳು. ಬಟ್ಟೆ ಬಿಡಿಸಿ ನೋಡಿದಳು. ಮೂಸಿ ನೋಡಿದಳು. ಕಡುಹಳದಿ ಕಲೆ.

"ಇವತ್ತ ಅರಿಷಿಣ ಹಚ್ಚಿಲ್ಲಲ್ಲ" ಎಂದು ತನಗೆ ತಾನೇ ಅಂದುಕೊಂಡಳು.

ಓಡಿ ಬಂದಳು. ದಾನೇಶ್ವರಿಯ ಮಗ್ಗುಲಿಂದ ಕೂಸನ್ನು ಬಾಚಿಕೊಂಡು ಅಡುಗೆಮನೆಗೆ ಓಡಿದಳು. ಹೆಬ್ಬೆರಳಿನಿಂದ ಮೂಗಿನ ತುದಿ ಒತ್ತಿ ಬಿಟ್ಟಳು, ಒತ್ತಿದ ಜಾಗ ಬಿಳಿಯಾಗದೆ ಹಳದಿಯಾಗಿ ಕಂಡಿತು. ರೆಪ್ಪೆ ಸರಿಸಿದಳು.

"ದಾನೀ! ಕಣ್ಣ ಪೂರಾ ಹಳದಿ! ಕೂಸಿಗೆ ಕಾಮಣಿ ಆಗೇತಿ! ನನ್ನ ಕಣ್ಣಿಗೆ ಏನ್ ಬಡದಿತ್ತವಾ!"

ಓಣಿಯ ತುದಿಯ ಆಟೋ ಬಂತು. ಮೂವರೂ ಹೋದರು. ಗಡಿಬಿಡಿಯಲ್ಲಿ ನನ್ನನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ.

ಮೂರು ದಿನ ಖಾಲಿ ಹಾಸಿಗೆಯ ಮೇಲೆ ಉರಿದೆ. ಆಟೋ ಸದ್ದಾದಾಗೆಲ್ಲ ನಡುಗಿದೆ. ಹೋದವರು ಮೂವರು. ಬರುವವರು ಎಷ್ಟು ಜನವೋ?

ನಾಲ್ಕನೆಯ ಬೆಳಿಗ್ಗೆ ಓಣಿಯಲ್ಲಿ ಅಳು ಕೇಳಿತು. ಹಸಿದ, ಸಿಟ್ಟಿನ, ಗಟ್ಟಿ ಅಳು. ಅಷ್ಟು ಚಂದದ ಸದ್ದನ್ನು ನಾನು ಇನ್ನೂ ಕೇಳಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರಂತೆ. ಇನ್ನೊಂದು ದಿನ ತಡವಾಗಿದ್ದರೆ ಮಿದುಳಿಗೆ ಏರುತ್ತಿತ್ತು ಎಂದು ಡಾಕ್ಟರು ಬೈದರಂತೆ.

ಬಸಲಿಂಗವ್ವ ಮೊದಲು ಕಿಟಕಿಯ ಕೌದಿ ಕಿತ್ತಳು. ಆಮೇಲೆ ಸ್ಟೂಲು ಹತ್ತಿ ನನ್ನನ್ನು ಹಿಡಿದಳು. ನೆಲಕ್ಕೆ ಅಪ್ಪಳಿಸುತ್ತಾಳೆ ಎಂದುಕೊಂಡೆ. ಅವಳು ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿದಳು.

"ಅಂಗಡ್ಯಾಂವ ಹೇಳಿದ್ದ. ಕೇಳದಾಕಿ ನಾನು. ನಿಂದೇನ್ ತಪ್ಪ ಬಿಡು" ಎಂದಳು.

ನನ್ನನ್ನು ದೇವರ ಜಗಲಿಯ ಮೇಲಿನ ಹೋಲ್ಡರಿಗೆ ಹಾಕಿದಳು. ಅಲ್ಲಿ ಹಳದಿಯಿಂದ ಯಾರಿಗೂ ಕೇಡಿಲ್ಲ.

ಏಳು ವರ್ಷವಾಯಿತು. ನನ್ನ ಕಾಳುದೀಪಗಳಲ್ಲಿ ಅರ್ಧ ಸತ್ತಿವೆ, ಉಳಿದವು ಮಿಣಕ್ ಮಿಣಕ್ ಎನ್ನುತ್ತವೆ. ಸಾವಿಗೆ ಈಗ ಹೆದರುವುದಿಲ್ಲ. ಕೂಸಿಗೆ ನೀಲಾಂಬಿಕಾ ಎಂದು ಹೆಸರಿಟ್ಟರು. ಶರಣೆಯ ಹೆಸರೋ, ಆಸ್ಪತ್ರೆಯ ದೀಪದ ನೆನಪೋ, ನಾನು ಕೇಳಲಿಲ್ಲ. ರಜೆ ಬಂದರೆ ಅಜ್ಜಿಯ ಮನೆಯಲ್ಲೇ ಇರುತ್ತಾಳೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಸಲಿಂಗವ್ವ ನೇರವಾಗಿ ನನ್ನ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಮೊಮ್ಮಗಳನ್ನು ಹೊಸ್ತಿಲಿಗೆ ಕರೆದುಕೊಂಡು ಹೋಗುತ್ತಾಳೆ. ಇನ್ನೂ ಉಳಿದಿರುವ ಹಗಲಿಗೆ ಅವಳ ಮುಖ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಸರಿಸುತ್ತಾಳೆ. "ದಿನಾ ಏನ್ ನೋಡ್ತಿ ಅಜ್ಜೀ?" ಎಂದು ಹುಡುಗಿ ಕೊಸರಾಡುತ್ತಾಳೆ. ಒಳಗೆ ಕತ್ತಲಲ್ಲಿ ನಾನು ಉಸಿರು ಬಿಗಿಹಿಡಿದು ಕಾಯುತ್ತೇನೆ.

"ಬೆಳ್ಳಗ ಅದಾವು" ಎನ್ನುತ್ತಾಳೆ ಬಸಲಿಂಗವ್ವ.

ಆಮೇಲೆ ಬಂದು ಸ್ವಿಚ್ಚು ಒತ್ತುತ್ತಾಳೆ.