ಎತ್ತರದ ಉಂಗುರ

ಉಂಗುರದ ಫ್ಯಾಷನ್ ಬದಲಾದರೆ ಊರಿಗೆಲ್ಲ ಮೊದಲು ಗೊತ್ತಾಗುವುದು ನಮ್ಮಣ್ಣನಿಗೆ. ಅಂಗಡಿಯ ಮುಂದುಗಡೆ ಕೂತು ದಿನವಿಡೀ ಫೋನು ತಿಕ್ಕುವುದು ಅವನ ಕೆಲಸ, ಹಿಂದಿನ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕಲ್ಲು ಕೂರಿಸುವುದು ನನ್ನದು. ಈ ವರ್ಷ ನಿಶ್ಚಿತಾರ್ಥಕ್ಕೆ ದುಂಡು ಕಲ್ಲು ಕೇಳುವವರೇ ಇಲ್ಲವಂತೆ. ಮೊಟ್ಟೆಯಾಕಾರದ ಕಲ್ಲು ಬೇಕು, ಅದು ನಾಲ್ಕು ಕಾಲಿನ ಮೇಲೆ ಎತ್ತರಕ್ಕೆ ನಿಂತಿರಬೇಕು, ಅಡಿಯಲ್ಲಿ ಸಾಸಿವೆಯಷ್ಟು ಚಿಕ್ಕ ಹರಳುಗಳ ಸಾಲೊಂದು ಅಡಗಿರಬೇಕು. ಯಾರ ಕಣ್ಣಿಗೂ ಬೀಳದ ಆ ಹರಳಿಗಾಗಿ ನಾನು ಕಣ್ಣು ಕಳೆದುಕೊಳ್ಳಬೇಕು.

ಇಂಥದ್ದೇ ಒಂದರ ಚಿತ್ರ ಹಿಡಿದುಕೊಂಡು ಪಕ್ಕದ ಬೀದಿಯ ಲೈಬ್ರರಿಯನ್ ಬಂದ. ವಯಸ್ಸು ಮೂವತ್ತೈದು, ಮಾತು ಎಣಿಸಿ ನಾಲ್ಕು. ಉಂಗುರ ಲೈಬ್ರರಿಯ ಎದುರು ದರ್ಜಿ ಅಂಗಡಿ ನಡೆಸುವವಳಿಗೆ. ಅವಳನ್ನು ಇನ್ನೂ ಕೇಳಿಲ್ಲ. ಏಳು ತಿಂಗಳಿಂದ ಅವನು ಮಾಡಿದ್ದಿಷ್ಟೇ: ಇರುವ ಒಂದೇ ಕಂದು ಕೋಟಿನ ತೋಳು ಗಿಡ್ಡ ಮಾಡಿಸಿದ್ದ, ಅದೇ ತೋಳನ್ನು ಮತ್ತೆ ಉದ್ದ ಮಾಡಿಸಿದ್ದ, ಗುಂಡಿ ಬದಲಾಯಿಸಿದ್ದ, ಆಮೇಲೆ ಹಳೇ ಗುಂಡಿಯನ್ನೇ ಹಾಕಿಸಿಕೊಂಡಿದ್ದ.

“ಬಾಯಿ ಬಿಟ್ಟು ಕೇಳೋಕೆ ಏನಪ್ಪಾ ನಿಮಗೆ ಕಷ್ಟ?” ಎಂದೆ.

“ಅಲ್ಲಿಗೆ ಹೋದ್ರೆ ಬಾಯಿಗೆ ಬರೋದು ಕೋಟಿನ ಮಾತೊಂದೇ ಅಕ್ಕಾ. ಉಂಗುರ ಕೈಲಿದ್ರೆ ಧೈರ್ಯ ಬರುತ್ತೇನೋ.”

ಚಿನ್ನಕ್ಕೆ ಕೈ ಹಾಕುವ ಮೊದಲು ಹಿತ್ತಾಳೆಯಲ್ಲಿ ಮಾದರಿ ಮಾಡಿ, ಗಾಜಿನ ಕಲ್ಲು ಕೂರಿಸಿ ನೋಡುವುದು ನಮ್ಮ ಪದ್ಧತಿ. ಒಬ್ಬರದ್ದು ಇನ್ನೊಬ್ಬರದ್ದರ ಜೊತೆ ಬೆರೆತುಹೋಗದಂತೆ ಒಳಮೈಯಲ್ಲಿ ರಸೀತಿಯ ನಂಬರನ್ನು ಸೂಜಿಯಿಂದ ಕೊರೆಯುತ್ತೇನೆ. ಆ ಮಾದರಿಯನ್ನು ನನ್ನ ಬೆರಳಿಗೇ ಸಿಕ್ಕಿಸಿಕೊಂಡು, ಹರಿದ ಚೀಲವೊಂದರ ನೆಪ ಮಾಡಿ ದರ್ಜಿ ಅಂಗಡಿಗೆ ಹೋದೆ. ಅವಳ ಬೆರಳಿನ ಅಳತೆ ಬೇಕಿತ್ತು. ಅವಳ ಮನಸ್ಸಿನಲ್ಲೇನಿದೆ ಎಂದು ತಿಳಿಯುವ ಚಪಲವೂ ಇತ್ತು, ಸುಳ್ಳೇಕೆ ಹೇಳಲಿ.

ಅವಳು ಉಂಗುರ ಹಾಕಿಕೊಂಡು ನೋಡಿದಳು. ಎರಡು ಸೈಜು ಸಡಿಲ. ನನಗೆ ಬೇಕಾದದ್ದು ಸಿಕ್ಕಿತು.

“ಇದು ಉಂಗುರನಾ ಅಕ್ಕಾ, ಬಟ್ಟೆ ನೇತುಹಾಕೋ ಗೂಟಾನಾ? ಇದನ್ನ ಹಾಕ್ಕೊಂಡು ರೇಷ್ಮೆ ಮುಟ್ಟಿದ್ರೆ ನೂಲೆಲ್ಲ ಕಿತ್ತು ಬರುತ್ತೆ,” ಎಂದು ವಾಪಸು ಕೊಟ್ಟಳು. ನಾನು ಮತ್ತೆ ಬೆರಳಿಗೆ ಸಿಕ್ಕಿಸಿಕೊಂಡೆ.

ಮೇಜಿನ ಮೇಲೆ ಆ ಕಂದು ಕೋಟು ಬಿದ್ದಿತ್ತು. “ಇದು ಯಾರದ್ದು?” ಎಂದೆ, ಏನೂ ಅರಿಯದವಳ ಹಾಗೆ.

“ಎದುರುಗಡೆಯವರದ್ದು. ಈ ಸಲ ಜೇಬು ಆಳ ಮಾಡ್ಬೇಕಂತೆ, ಈಗಷ್ಟೇ ಮುಗಿಸ್ದೆ. ಈ ಕೋಟಲ್ಲಿ ಇನ್ನು ಬಿಚ್ಚಿ ಹೊಲಿಯೋಕೆ ಏನೂ ಉಳಿದಿಲ್ಲ. ಮುಂದಿನ ಸಲ ಏನಂತ ಬರ್ತಾರೋ ಏನೋ,” ಎಂದಳು. ದನಿಯಲ್ಲಿ ನಿಜಕ್ಕೂ ಚಿಂತೆಯಿತ್ತು.

ಜೇಬು ಎಷ್ಟು ಆಳವಾಯಿತೆಂದು ನೋಡಲು ಕೈ ಹಾಕಿದೆ. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು, ಕೈ ಎಳೆದುಕೊಂಡು ಹೊರಟೆ. ನಮ್ಮ ಅಂಗಡಿಗೆ ಬಂದು ನೋಡುತ್ತೇನೆ, ಬೆರಳು ಬೋಳು. ಆ ಎತ್ತರದ ಕಾಲುಗಳು ಜೇಬಿನ ಅಸ್ತರಿಗೆ ಸಿಕ್ಕಿಕೊಂಡು ಉಂಗುರ ಅಲ್ಲೇ ಉಳಿದಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ದರ್ಜಿ ಅಂಗಡಿಗೂ ಎದುರಿನ ಲೈಬ್ರರಿಗೂ ಬೀಗ. ಕಿಟಕಿಯಲ್ಲಿ ಇಣುಕಿದರೆ ಮೇಜು ಖಾಲಿ; ಕೋಟು ಅದರ ಯಜಮಾನನ ಕೈ ಸೇರಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅವನೇ ನಿಂತಿದ್ದ. ಕಿರುಬೆರಳಲ್ಲಿ ನನ್ನ ಹಿತ್ತಾಳೆ.

“ಅಕ್ಕಾ, ಅವರೇ ಮೊದ್ಲು ಕೇಳಿಬಿಟ್ರು. ಜೇಬಲ್ಲಿ ಉಂಗುರ ಇಟ್ಟಿದ್ರು.”

“ನೀವೇನು ಮಾಡಿದ್ರಿ?”

“ಈಗಷ್ಟೇ ಹೋಗಿ ಹೂಂ ಅಂದೆ. ಅವರು ಸ್ವಲ್ಪ ಹೊತ್ತು ಉಂಗುರಾನೇ ನೋಡ್ತಾ ನಿಂತ್ರು. ಆಮೇಲೆ, ‘ಅಂತೂ ಬಾಯಿ ಬಂತಲ್ಲ ನಿಮಗೆ’ ಅಂದ್ರು.”

ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ಅವಳೇ ಬಂದಳು, ಬಾಗಿಲು ಮುಂದಕ್ಕೆಳೆದುಕೊಂಡಳು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ತಪ್ಪಾಯಿತು ಎಂದೆ.

“ತಪ್ಪು ಗಿಪ್ಪು ಎಲ್ಲ ಆಮೇಲೆ. ಅದು ನಾನಿಟ್ಟಿದ್ದಲ್ಲ ಅಂತ ಅವರಿಗೆ ಯಾವತ್ತೂ ಗೊತ್ತಾಗ್ಬಾರ್ದು. ಪಾಪ, ಏಳು ತಿಂಗಳಲ್ಲಿ ಮೊದಲನೇ ಸಲ ಕೋಟು ಬಿಟ್ಟು ಬೇರೆ ಮಾತಾಡಿದ್ದಾರೆ. ನೀವು ಬಾಯಿ ಬಿಟ್ರೆ ನಾಳೆ ಮತ್ತೆ ಗುಂಡಿ ಬಿಚ್ಚಿಸೋಕೆ ಬರ್ತಾರೆ ಅಷ್ಟೇ.”

ತನಗೆ ಎಂಥ ಉಂಗುರ ಬೇಕೆಂದೂ ಹೇಳಿದಳು: ಅಗಲವಾದ ಪಟ್ಟಿ, ಕಲ್ಲು ಅದರೊಳಗೆ ಹೂತಿರಬೇಕು, ಒಂದು ಎಳೆ ನೂಲೂ ಸಿಕ್ಕಬಾರದು. ಉಂಗುರದ ಈ ಮಾತಷ್ಟೇ ಹೊರಗಿದ್ದ ಅಣ್ಣನ ಕಿವಿಗೆ ಬಿತ್ತು. “ಈಗ ಅದೇ ಟ್ರೆಂಡು. ಎತ್ತರದ್ದೆಲ್ಲ ಹೋದ ವಾರವೇ ಹಳೇದಾಯ್ತು,” ಎಂದ, ಚೂರೂ ನಾಚಿಕೆಯಿಲ್ಲದೆ.

ಆ ಉಂಗುರ ತಯಾರಾದ ದಿನ ಒಯ್ಯಲು ಲೈಬ್ರರಿಯನ್ ಬಂದ. ಹಿತ್ತಾಳೆ ಅವನ ಕಿರುಬೆರಳಿಗೆ ಹಸಿರು ಬಳಿದಿತ್ತು.

“ಕೊಡಿ, ಚಿನ್ನದ ನೀರು ಹಾಕಿಕೊಡ್ತೀನಿ,” ಎಂದೆ. ಹಾಗೇ ಒಳಗಿನ ನಂಬರನ್ನೂ ಉಜ್ಜಿಹಾಕುವ ಆಲೋಚನೆ ನನ್ನದು.

ಅವನು ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ತನ್ನ ರಸೀತಿ ಇಟ್ಟ. ಎರಡರ ಮೇಲೂ ಒಂದೇ ನಂಬರು.

“ನಂಬರು ಮಾತ್ರ ಅಳಿಸ್ಬೇಡಿ ಅಕ್ಕಾ. ದಿನಾ ಪುಸ್ತಕದ ನಂಬರು ನೋಡೋನು ನಾನು. ಜೇಬಿಂದ ತೆಗೆದ ತಕ್ಷಣ ನೋಡಿದ್ದೇ ಅದನ್ನ.”

ಅಂದರೆ ಆ ಬೆಳಿಗ್ಗೆ ಈ ಸಾಧು ಪ್ರಾಣಿ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿತ್ತು.

“ಮತ್ತೆ ಯಾಕೆ ಹೋಗಿ ಹೂಂ ಅಂದ್ರಿ?”

“ಕೇಳೋಕೆ ಧೈರ್ಯ ಇರ್ಲಿಲ್ಲ. ಹೂಂ ಅನ್ನೋದು ಸುಲಭ ಅನ್ನಿಸ್ತು. ಅವರು ‘ನಂದಲ್ಲ’ ಅನ್ನಬಹುದಿತ್ತು, ಅನ್ಲಿಲ್ಲ.” ರಸೀತಿ ಮಡಿಚುತ್ತಾ ಹೇಳಿದ, “ಅವರಿಗೆ ಹೇಳ್ಬೇಡಿ. ಗುಟ್ಟು ನನಗೆ ಗೊತ್ತಿಲ್ಲ ಅಂದ್ಕೊಂಡು ತುಂಬಾ ಖುಷಿಯಾಗಿದ್ದಾರೆ.”

ಮಾತು ನಿಲ್ಲದ ನನ್ನ ಬಾಯಿಗೆ ಇಬ್ಬರೂ ಸೇರಿ ಹೊಲಿಗೆ ಹಾಕಿಬಿಟ್ಟರು. ಅವನು ಹೋದ ಮೇಲೆ ಅಣ್ಣ ಒಳಗೆ ಇಣುಕಿದ.

“ಆ ಮನುಷ್ಯ ಹಿತ್ತಾಳೆ ಯಾಕೆ ಹಾಕ್ಕೊಂಡು ಓಡಾಡ್ತಿದ್ದ?”

“ಈಗ ಅದೇ ಟ್ರೆಂಡು,” ಎಂದೆ.

ಅವನು ಗಾಬರಿಯಾಗಿ ಫೋನು ತೆಗೆದು ಹುಡುಕತೊಡಗಿದ.