ಮೇಸ್ತ್ರಿಗೆ ಬಾರದ ವಾಸನೆ

ಗ್ಯಾರೇಜಿಗೆ ಬರುವವರು ಅವನನ್ನು ಎದುರಿಗೆ ಮೇಸ್ತ್ರಿ ಎಂದೂ ಬೆನ್ನ ಹಿಂದೆ ಮೂಗು ಮೇಸ್ತ್ರಿ ಎಂದೂ ಕರೆಯುತ್ತಿದ್ದರು. ಅದರಲ್ಲಿ ಹೀಯಾಳಿಕೆಯಿರಲಿಲ್ಲ. ಬಾನೆಟ್ ಎತ್ತಿ ಒಮ್ಮೆ ಉಸಿರೆಳೆದರೆ ಸಾಕು, ಕ್ಲಚ್ ಸುಟ್ಟಿದೆಯೋ, ಆಯಿಲ್ ಸೀಯುತ್ತಿದೆಯೋ, ವೈರು ಕರಗುತ್ತಿದೆಯೋ ಎಂದು ಹೇಳಿಬಿಡುತ್ತಿದ್ದ. ಉಳಿದವರು ಅರ್ಧ ದಿನ ಬಿಚ್ಚಿ ನೋಡಿ ಹೇಳುವುದನ್ನು ಇವನು ನಿಂತ ನಿಲುವಿನಲ್ಲೇ ಹೇಳುತ್ತಾನೆ ಎಂಬುದು ಆ ಬೀದಿಯ ಮಾತು. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದ್ದವನು ಅವನೇ.

ಕಳೆದ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಸೋಪು, ಪೆಟ್ರೋಲು, ಹೊಸ ಟಯರು, ಬಾಣಲೆಯಲ್ಲಿ ಹುರಿಯುವ ಈರುಳ್ಳಿ ಎಲ್ಲವೂ ಅವನ ಮೂಗಿಗೆ ಒಂದೇ ಆದವು. ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾದ. ಹೋಗಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಡಾಕ್ಟರ ಹತ್ತಿರವೂ ಹೋಗಲಿಲ್ಲ. ಬಾನೆಟ್ ಎತ್ತಿದಾಗ ಮೊದಲಿನಂತೆಯೇ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಆಮೇಲೆ ಕಣ್ಣು, ಕೈ, ಕಿವಿ ತಿಳಿಸಿದ್ದನ್ನು ಮೂಗೇ ಹೇಳಿತು ಎಂಬಂತೆ ನುಡಿಯುತ್ತಿದ್ದ. ಪಳಗಿದ ಕೈಯಾದ್ದರಿಂದ ಹೇಗೋ ದಿನ ಸಾಗಿತು.

ಹಲ್ಲಿನ ಡಾಕ್ಟರಮ್ಮ ತನ್ನ ಸ್ಪೋರ್ಟ್ಸ್ ಕಾರನ್ನು ತಂದದ್ದು ಆಗ. ಕಡುನೀಲಿ ಬಣ್ಣದ, ನೆಲಕ್ಕೆ ಅಂಟಿದಂಥ ಗಾಡಿ. ಕೂರಲು ಎರಡೇ ಸೀಟು, ಎಂಜಿನ್ ಆ ಸೀಟುಗಳ ಬೆನ್ನಿಗೆ. ಆಕೆ ಐವತ್ತು ದಾಟಿದವಳು. ಮಗಳ ಓದು ಮುಗಿದ ಮೇಲೆ, “ಇಷ್ಟು ವರ್ಷ ಬೇರೆಯವರ ಬಾಯಿ ನೋಡಿದ್ದಾಯ್ತು, ಇನ್ನು ಸ್ವಲ್ಪ ರಸ್ತೆ ನೋಡ್ತೀನಿ” ಎಂದು ಯಾರೋ ಓಡಿಸಿ ಬಿಟ್ಟ ಕಾರನ್ನು ಕೊಂಡಿದ್ದಳು. ಜೊತೆಗೆ ಗಂಡನೂ ಬಂದಿದ್ದ, ಬ್ಯಾಂಕಿನ ಮ್ಯಾನೇಜರು, ಮಾತಿಗೊಮ್ಮೆ ನಗುವ ಮನುಷ್ಯ.

“ಮೇಸ್ತ್ರಿ, ಓಡಿಸುವಾಗ ಒಂಥರಾ ಸಿಹಿ ವಾಸನೆ ಬರುತ್ತೆ. ಸಕ್ಕರೆ ಪಾಕ ಸೀದ ಹಾಗೆ. ಕೂಲಂಟೂ ಸ್ವಲ್ಪ ಕಡಿಮೆ ಆಗಿದೆ.”

ಸಿಹಿ ಎಂದೊಡನೆ ಮೇಸ್ತ್ರಿಗೆ ಹೊಳೆಯಿತು. ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಬಿಸಿ ಲೋಹದ ಮೇಲೆ ಬಿದ್ದರೆ ಬರುವುದು ಅದೇ ವಾಸನೆ. ಗಾಡಿಯನ್ನು ಎತ್ತಿ ಅಡಿಯಿಂದ ನೋಡಿದ. ಎಲ್ಲೂ ಹನಿಯಿಲ್ಲ, ಕಲೆಯಿಲ್ಲ. ಕೂಲಂಟ್ ತುಂಬುವ ಬಾಯಿಗೆ ಕೈಪಂಪು ಜೋಡಿಸಿ ಒತ್ತಡ ಕೊಟ್ಟ. ಲೀಕ್ ಇದ್ದರೆ ಗೇಜಿನ ಮುಳ್ಳು ಇಳಿಯಬೇಕು. ಅದು ಕದಲಲಿಲ್ಲ.

“ಈಗಲೂ ಸಣ್ಣಗೆ ಬರ್ತಿದೆಯಲ್ಲ, ನೋಡಿ” ಎಂದಳು ಡಾಕ್ಟರಮ್ಮ.

“ನನ್ನನ್ನ ಕೇಳಬೇಡಿ, ನನಗೆ ವರ್ಷವಿಡೀ ಶೀತ” ಎಂದ ಗಂಡ. ಇಬ್ಬರೂ ಮೇಸ್ತ್ರಿಯ ಮುಖ ನೋಡಿದರು.

ಅವನು ಸೀಟಿನ ಹಿಂದೆ ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. ಗೊತ್ತಾಗ್ತಿಲ್ಲ ಎನ್ನುವ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು.

“ಇಲ್ಲ ಡಾಕ್ಟರಮ್ಮ, ಅಂಥದ್ದೇನೂ ಇಲ್ಲ. ನಿಮ್ಮ ಕ್ಲಿನಿಕ್ಕಿನ ಔಷಧಿ ವಾಸನೆ ಬಟ್ಟೆಗೆ ಅಂಟಿರಬೇಕು.”

ಗಂಡ ಗೊಳ್ಳೆಂದು ನಕ್ಕ. “ಮೂಗು ಮೇಸ್ತ್ರಿನೇ ಹೇಳಿದ ಮೇಲೆ ಮುಗೀತು ಕಣೇ. ಸುಪ್ರೀಂ ಕೋರ್ಟ್ ತೀರ್ಪು.” ಆಕೆ ತೋಳನ್ನು ಮೂಗಿನ ಬಳಿ ತಂದು ಮೂಸಿ ನೋಡಿಕೊಂಡಳು.

ಕೆಲವು ವಾರ ಬಿಟ್ಟು ಒಬ್ಬಳೇ ಬಂದಳು. ಕೂಲಂಟ್ ಮತ್ತೆ ಇಳಿದಿತ್ತು. ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋದ ಹಾಗೆ ಮಟ್ಟ ಇಳಿಯುವುದುಂಟು ಎಂದು ಹೇಳಿ ಮೇಸ್ತ್ರಿ ತುಂಬಿಸಿಕೊಟ್ಟ. ಆಕೆ ತಗ್ಗಿದ ದನಿಯಲ್ಲಿ, “ವಾಸನೆ?” ಎಂದು ಕೇಳಿದಳು. ಅವನು ಮತ್ತೆ ಬಗ್ಗಿ ಉಸಿರೆಳೆದು ತಲೆಯಲ್ಲಾಡಿಸಿದ.

“ಹಾಗಾದ್ರೆ ನನಗೇ ಏನೋ ಆಗಿದೆ” ಎಂದು ಸ್ಟೇರಿಂಗ್ ನೋಡುತ್ತ ಹೇಳಿದಳು. ತಮಾಷೆಯಿರಬೇಕೆಂದು ಮೇಸ್ತ್ರಿ ಹಲ್ಲು ಕಿರಿದ.

ಮೂರನೆಯ ಸಲ ಕಾರು ಬಂದದ್ದು ಕೆಟ್ಟ ಗಾಡಿ ಹೊತ್ತು ತರುವ ಲಾರಿಯ ಮೇಲೆ. ರಸ್ತೆಯಲ್ಲಿ ಎಂಜಿನ್ ಕಾದು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದ್ದರಿಂದ ಗಂಡ ಗಾಡಿ ನಿಲ್ಲಿಸಿದ್ದ. ಅವತ್ತು ಅವನ ಮುಖದಲ್ಲಿ ನಗುವಿರಲಿಲ್ಲ.

“ಇಲ್ಲಿ ಬಿಟ್ಟು ಹೋಗ್ತೀನಿ ಮೇಸ್ತ್ರಿ. ಅವಳು ಆಸ್ಪತ್ರೆಯಲ್ಲಿದ್ದಾಳೆ.”

“ಏನಾಯ್ತು ಸಾರ್?”

“ಅದೇ ವಾಸನೆ. ಇಲ್ಲದ ವಾಸನೆ ಮೂಗಿಗೆ ಬಂದ್ರೆ ಅದು ಮಿದುಳಿನೊಳಗಿನ ಗಡ್ಡೆಯ ಲಕ್ಷಣ ಇರಬಹುದಂತೆ. ಅವಳೇ ಡಾಕ್ಟರಲ್ವಾ, ಎಲ್ಲ ಓದಿದ್ದಾಳೆ. ಮೊದಲು ನಾನೂ ನಗಾಡ್ದೆ. ಈಗ ರಾತ್ರಿ ನಿದ್ದೆ ಮಾಡಲ್ಲ, ಹಲ್ಲು ಕೀಳೋಕೆ ಕೈ ಬರಲ್ಲ ಅಂತ ಕ್ಲಿನಿಕ್ಕಿಗೂ ಬೀಗ ಹಾಕಿದ್ದಾಳೆ. ಮಗಳಿಗಿನ್ನೂ ಹೇಳಿಲ್ಲ. ಮಧ್ಯಾಹ್ನ ತಲೆ ಸ್ಕ್ಯಾನ್ ಇದೆ.”

ಮೇಸ್ತ್ರಿ ಕೈ ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಹೇಳಬೇಕಾದ ಹೊತ್ತು ಅದೇ. ನನಗೆ ವಾಸನೆಯೇ ಬರುವುದಿಲ್ಲ ಸಾರ್, ಡಾಕ್ಟರಮ್ಮ ಹೇಳಿದ್ದು ನಿಜವಿರಬಹುದು, ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವನು ಹೇಳಿದ್ದು, “ಗಾಬರಿಯಾಗಬೇಡಿ ಸಾರ್, ನಾನು ಗಾಡಿ ನೋಡ್ತೀನಿ” ಎಂದು. ಗಂಡ ಆಟೊ ಹಿಡಿದು ಹೋದ. ಆಟೊ ತಿರುವು ದಾಟುವವರೆಗೂ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಕೂಗಿದ್ದರೆ ಕೇಳಿಸುವಷ್ಟು ದೂರದಲ್ಲೇ ಇತ್ತು.

ಮೊದಲು ಲೀಕ್ ಸಿಗಲಿ, ಆಮೇಲೆ ಹೇಳೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹುಡುಕಲು ಕೂತಾಗ ಮನಸ್ಸಿನ ಒಂದು ಮೂಲೆ, ಲೀಕ್ ಸಿಗದೇ ಹೋಗಲಿ ಎನ್ನುತ್ತಿತ್ತು. ಸಿಗದಿದ್ದರೆ ತಾನು ಹೇಳಿದ್ದೇ ಸರಿಯಾಗುತ್ತದೆ. ಆಗ ಆ ಹೆಂಗಸಿನ ತಲೆಯೊಳಗೆ ಏನಿರಬೇಕಾಗುತ್ತದೆ ಎಂಬುದು ಹೊಳೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಿಂದೆ ಒತ್ತಡ ಕೊಟ್ಟು ನೋಡಿದ್ದು ಎಂಜಿನ್ ತಣ್ಣಗಾದ ಮೇಲೆ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಬಿಸಿಯಾದಾಗ ಬಾಯಿ ಬಿಡುವ ಲೀಕುಗಳಿರುತ್ತವೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೂಗಿದ್ದ ಕಾಲದಲ್ಲಾಗಿದ್ದರೆ ಗೇಜನ್ನು ಅಷ್ಟು ಸುಲಭಕ್ಕೆ ನಂಬುತ್ತಲೂ ಇರಲಿಲ್ಲ. ಈಗ ಹೊಸ ಕೂಲಂಟಿಗೆ, ನೇರಳೆ ದೀಪ ಹಿಡಿದರೆ ಹೊಳೆಯುವ ಬಣ್ಣ ಬೆರೆಸಿ ತುಂಬಿಸಿದ. ಕೈಪಂಪನ್ನು ಮೊದಲೇ ಜೋಡಿಸಿಟ್ಟು, ಕೆಂಪು ದೀಪ ಹತ್ತದಂತೆ ಎಚ್ಚರವಾಗಿ ಎಂಜಿನ್ ಓಡಿಸಿ ಕಾಯಿಸಿದ. ಸೀಟುಗಳ ಹಿಂದಿನ ಮುಚ್ಚಳ ಬಿಚ್ಚಿದ. ಎಂಜಿನ್ ನಿಲ್ಲಿಸಿ ಒತ್ತಡ ಕೊಟ್ಟ. ಗೇಜಿನ ಮುಳ್ಳು ಸ್ವಲ್ಪ ಹೊತ್ತು ನಿಂತು, ಆಮೇಲೆ ಬಹಳ ನಿಧಾನವಾಗಿ, ಹೇಳಲೋ ಬೇಡವೋ ಎಂಬಂತೆ ಇಳಿಯತೊಡಗಿತು.

ದೀಪ ಹಿಡಿದು ಸೀಟಿನ ಮೇಲೆ ಮೊಣಕಾಲೂರಿ ಒಳಗೆ ಬಗ್ಗಿದ. ಪೈಪುಗಳ ಉದ್ದಕ್ಕೂ ಬೆಳಕು ಬಿಟ್ಟ, ಏನಿಲ್ಲ. ನೀರಿನ ಪಂಪು, ಅಲ್ಲೂ ಇಲ್ಲ. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಹೆಂಡತಿ ಬಂದಳು. ಬಿಡಿಭಾಗ ಮಾರುವ ಕೌಂಟರ್ ಅವಳದು, ಗ್ಯಾರೇಜಿನೊಳಗೆ ಬರುವುದು ಅಪರೂಪ.

“ಇದೇನ್ರೀ, ಪಾಕ ಸೀದ ಹಾಗೆ ವಾಸನೆ? ಕೌಂಟರ್‌ವರೆಗೂ ಬರ್ತಿದೆ.”

ಮೇಸ್ತ್ರಿ ಬಗ್ಗಿದಲ್ಲೇ ಇದ್ದ.

“ಎಲ್ಲಿಂದ ಬರ್ತಿದೆ?” ಎಂದು ಕೇಳಿದ.

ಅವಳು ಹತ್ತಿರ ಬಂದು, ಇನ್ನೊಂದು ಸೀಟಿನ ಕಡೆಯಿಂದ ಬಗ್ಗಿ ಎಂಜಿನ್ನಿನ ಮೇಲೆ ಎರಡು ಮೂರು ಕಡೆ ಮೂಸಿದಳು. “ಇಲ್ಲಿ. ಈ ಡಬ್ಬದಂಥದ್ದರ ಹಿಂದೆ, ಸೀಟಿನ ಗೋಡೆ ಕಡೆಗೆ.”

ಅವನು ಆ ಸಂದಿಯಲ್ಲಿ ಸಣ್ಣ ಕನ್ನಡಿ ಇಳಿಬಿಟ್ಟು ದೀಪ ತಿರುಗಿಸಿದ. ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ತಗ್ಗಿನಲ್ಲಿ, ಬೆರಳಿನಷ್ಟು ದಪ್ಪದ ಪೈಪೊಂದು ಸೇರುವ ಜಾಗದಲ್ಲಿ, ಹಸಿರು ಗೆರೆ ಹೊಳೆಯಿತು. ಅದರ ಸುತ್ತ ಹಳೆಯ ಕೂಲಂಟ್ ಒಣಗಿ ಬಿಳಿಯ ಹಕ್ಕಳೆ ಕಟ್ಟಿತ್ತು. ಸೋರಿದ್ದೆಲ್ಲ ಆ ತಗ್ಗಿನಲ್ಲೇ ನಿಂತು ಕಾದು ಆವಿಯಾಗುತ್ತಿತ್ತು. ನೆಲಕ್ಕೆ ಒಂದು ಹನಿಯೂ ಬೀಳದೆ, ಸೀಟಿನ ಹಿಂದಿನ ಸಂದಿಯಿಂದ ವಾಸನೆಯೊಂದೇ ಒಳಗೆ ಹೋಗುತ್ತಿತ್ತು. ಮೊದಲ ದಿನದಿಂದಲೂ ಡಾಕ್ಟರಮ್ಮ ಹೇಳಿದ್ದು ಅದನ್ನೇ.

“ನಿಮಗೆ ಬರ್ತಿಲ್ಲ, ಅಲ್ವಾ?” ಎಂದಳು ಹೆಂಡತಿ ಮೆತ್ತಗೆ.

“ನಿನಗೆ ಗೊತ್ತಿತ್ತಾ?”

“ಹಾಲು ಸೀದು ಪಾತ್ರೆ ಕರಕಲಾಗಿತ್ತು, ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ಅವತ್ತೇ ಗೊತ್ತಾಯ್ತು. ನೀವಾಗಿ ಹೇಳಲಿ ಅಂತ ಸುಮ್ಮನಿದ್ದೆ.”

ಮೇಸ್ತ್ರಿ ಆಸ್ಪತ್ರೆಯ ವಿಷಯ ಹೇಳಿದ. ಅವಳ ಮುಖ ಸಪ್ಪಗಾಯಿತು. “ಇನ್ನೂ ನನ್ನ ಹತ್ತಿರ ಮಾತಾಡ್ತಾ ನಿಂತಿದ್ದೀರಲ್ಲ, ಮೊದಲು ಫೋನ್ ಮಾಡಿ.”

ಡಾಕ್ಟರಮ್ಮನ ಗಂಡ ಫೋನ್ ಎತ್ತಿದ. “ಲೀಕ್ ಸಿಕ್ತು ಸಾರ್. ಒಳಗಡೆ ಇತ್ತು. ಆ ವಾಸನೆ ನಿಜ, ಅವರ ಮೂಗು ಸರಿಯಾಗಿದೆ.”

“ಅವಳನ್ನ ಈಗ ತಾನೇ ಮೆಷಿನ್ ಒಳಗೆ ಕರ್ಕೊಂಡು ಹೋದ್ರು” ಎಂದ ಗಂಡ. ಅಳುತ್ತಿದ್ದನೋ ನಗುತ್ತಿದ್ದನೋ ಮೇಸ್ತ್ರಿಗೆ ತಿಳಿಯಲಿಲ್ಲ. “ಥ್ಯಾಂಕ್ಸ್ ಮೇಸ್ತ್ರಿ. ದೊಡ್ಡ ಉಪಕಾರ ಮಾಡಿದ್ರಿ.”

ಫೋನ್ ಇಟ್ಟ ಮೇಲೆ ಹೆಂಡತಿ, “ಅರ್ಧ ಹೇಳಿದ್ರಿ” ಎಂದಳು.

ಮರುದಿನ ಗಂಡಹೆಂಡಿರು ಬರುವಷ್ಟರಲ್ಲಿ ಮೇಸ್ತ್ರಿ ಪೈಪಿನ ರಬ್ಬರ್ ಉಂಗುರ ಬದಲಾಯಿಸಿ, ಬಿಸಿಯಲ್ಲೂ ತಣ್ಣಗಾದ ಮೇಲೂ ಒತ್ತಡ ಕೊಟ್ಟು ನೋಡಿ ಮುಗಿಸಿದ್ದ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರಮ್ಮ ಸೊರಗಿದ್ದಳು, ಆದರೆ ಕಣ್ಣಲ್ಲಿ ಹಗುರವಿತ್ತು. ಹಳೆಯ ಉಂಗುರವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು.

“ಅಂದ್ರೆ ವಾಸನೆ ಇತ್ತು” ಎಂದಳು. “ನೀವು ಬಿಡದೆ ಹುಡುಕಿದ್ರಲ್ಲ ಮೇಸ್ತ್ರಿ. ಬೇರೆಯವರಾಗಿದ್ರೆ ನನ್ನನ್ನ ಹುಚ್ಚಿ ಅಂತಿದ್ರು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ಕೇಳಿ ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿ ಕೌಂಟರಿನ ಬಾಗಿಲಲ್ಲಿ ನಿಂತಿದ್ದಳು.

“ನನಗೆ ವಾಸನೆ ಬರಲ್ಲ ಡಾಕ್ಟರಮ್ಮ” ಎಂದ, ತಲೆಯೆತ್ತದೆ. “ಜ್ವರ ಬಂದು ಹೋದಾಗಿನಿಂದ ಬರಲ್ಲ. ಅವತ್ತು ನಾನು ಮೂಸಿದ್ದೆಲ್ಲ ನಾಟಕ. ಔಷಧಿ ವಾಸನೆ ಅಂದಿದ್ದು ಬಾಯಿಗೆ ಬಂದದ್ದು. ನಿನ್ನೆ ಸಾರ್ ಇಲ್ಲಿಗೆ ಬಂದಾಗ್ಲಾದ್ರೂ ಹೇಳಬಹುದಿತ್ತು, ಹೇಳಲಿಲ್ಲ. ಲೀಕ್ ಎಲ್ಲಿದೆ ಅಂತ ಮೂಸಿ ಹೇಳಿದ್ದೂ ನನ್ನ ಹೆಂಡತಿ.”

ಗಂಡ ಏನೋ ಹೇಳಲು ಬಾಯಿ ತೆರೆದ. ಡಾಕ್ಟರಮ್ಮ ಅವನ ತೋಳು ಮುಟ್ಟಿ ತಡೆದಳು.

“ಯಾಕೆ ಹೇಳಲಿಲ್ಲ?”

“ನಾಚಿಕೆ ಆಯ್ತು.”

“ನನಗೂ ಆಗಿತ್ತು” ಎಂದಳು ಆಕೆ. ದನಿ ಏರಲಿಲ್ಲ. “ಬಂದ ಪೇಷಂಟನ್ನೆಲ್ಲ ನನ್ನ ಮೈಯಿಂದ ವಾಸನೆ ಬರ್ತಿದೆಯಾ ಅಂತ ಕೇಳ್ತಿದ್ದೆ. ಮಗಳ ಫೋನ್ ಬಂದ್ರೆ ಎತ್ತೋಕೆ ಹೆದರ್ತಿದ್ದೆ. ಆ ಮೆಷಿನ್ನಿನೊಳಗೆ ಮಲಗಿದಾಗ ಏನೇನು ಯೋಚನೆ ಮಾಡ್ದೆ ಅನ್ನೋದನ್ನ ಇವರಿಗೂ ಹೇಳಿಲ್ಲ. ನಿಮಗೂ ಹೇಳಲ್ಲ.” ಉಂಗುರವನ್ನು ಮೇಜಿನ ಮೇಲಿಟ್ಟಳು. “ನೀವು ಒಬ್ಬ ಮೂಗಿನ ಡಾಕ್ಟರಿಗೆ ತೋರಿಸಿ. ಕೆಲವು ಸಲ ವಾಪಸ್ ಬರುತ್ತೆ.”

ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕ್ಷಮೆ ಕೇಳಲಿಲ್ಲ. ಕೇಳುವುದೂ ಅವಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ ಅನ್ನಿಸಿತು. ಕಾರು ಹಿಮ್ಮುಖವಾಗಿ ಬೀದಿಗಿಳಿದು ಹೋಯಿತು.

ಮೇಸ್ತ್ರಿ ಡಾಕ್ಟರ ಹತ್ತಿರ ಹೋದ. ದಿನಾ ಬೆಳಿಗ್ಗೆ ನಿಂಬೆ, ಲವಂಗ ಮೂಸಿ ಅಭ್ಯಾಸ ಮಾಡು ಎಂದರು, ಮಾಡುತ್ತಿದ್ದಾನೆ. ಇನ್ನೂ ಏನೂ ತಿಳಿಯುವುದಿಲ್ಲ. ಗಿರಾಕಿಗಳಿಗೆ ತಾನೇ ಮೊದಲು ಹೇಳಿಬಿಡುತ್ತಾನೆ. ಕೆಲವರು ಅಯ್ಯೋ ಪಾಪ ಎಂದರು, ಕೆಲವರು ಬೇರೆ ಗ್ಯಾರೇಜ್ ನೋಡಿಕೊಂಡರು. ವಾಸನೆಯ ಮಾತು ಬಂದಾಗ ಹೆಂಡತಿ ಕೌಂಟರಿನಿಂದ ಎದ್ದು ಬರುತ್ತಾಳೆ.

ಡಾಕ್ಟರಮ್ಮ ಮತ್ತೆ ಬರಲಿಲ್ಲ. ಒಂದು ಸಂಜೆ ಸಿಗ್ನಲ್ಲಿನಲ್ಲಿ ರಸ್ತೆ ದಾಟಲು ನಿಂತಾಗ, ಎದುರಿಗೆ ಆ ನೀಲಿ ಕಾರು ಕಂಡಿತು. ಪಕ್ಕದಲ್ಲಿ ಮಗಳಿರಬೇಕು, ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು. ಡಾಕ್ಟರಮ್ಮ ಅವನನ್ನು ನೋಡಿದಳು. ಮೇಸ್ತ್ರಿ ನಮಸ್ಕಾರಕ್ಕೆಂದು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಕುತ್ತಿಗೆ ಕೆರೆದುಕೊಂಡ. ಆಕೆ ತಲೆಯಾಡಿಸಿದಳೋ, ಮಗಳ ಮಾತಿಗೆ ಹೂಂಗುಟ್ಟಿದಳೋ ಅವನಿಗೆ ತಿಳಿಯಲಿಲ್ಲ. ದೀಪ ಹಸಿರಾಯಿತು, ಕಾರು ಸರಾಗವಾಗಿ ಮುಂದೆ ಹೋಯಿತು.