ಐವತ್ತೆರಡನೆಯ ಪುಟ

ದೂರನ್ನು ಗುರುಪಾದಪ್ಪನವರೇ ಬರೆಸಿದ್ದರು. ನನ್ನ ಸಹಿ ಮಾತ್ರ ಬಾಕಿ.

"ಪುಸ್ತಕದ ಹಕ್ಕು ಸುಜಯನ ಹೆಸರಿಲೆ ಇತ್ತವ್ವಾ. ಈಗ ನಿಂದು. ನಾ ಬರೇ ಅಚ್ಚ ಹಾಕಿದಾಂವ. ನಿನ್ನ ಸಹಿ ಇದ್ರಷ್ಟ ಪೊಲೀಸರು ಕೇಳ್ತಾರ."

ರವಿವಾರ ಪೇಟೆಯ ಅವರ ಅಂಗಡಿಯಲ್ಲಿ ನಾನೂರು ಪ್ರತಿಗಳು ಕಟ್ಟು ಬಿಚ್ಚದೆ ಕೂತಿದ್ದವು. ಖಾನಾಪುರದ ತಾಲಿಬ ಅದೇ ಪುಸ್ತಕವನ್ನು ಝೆರಾಕ್ಸ್ ಮಾಡಿ, ದಾರ ಹೊಲಿದು, ಅರ್ಧ ಬೆಲೆಗೆ ಮಾರುತ್ತಿದ್ದ.

ಬರೆದವನು ನನ್ನ ಗಂಡ ಸುಜಯ. ಖಾನಾಪುರದಲ್ಲಿ ಐಟಿಐ ಹುಡುಗರಿಗೆ ಕಲಿಸುತ್ತಿದ್ದ. ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದು ಹೇಗೆಂದು ಅವರಿಗೆ ಕನ್ನಡದಲ್ಲಿ ಓದಲು ಏನೂ ಸಿಗುತ್ತಿರಲಿಲ್ಲ. ಯಾರೂ ಅಚ್ಚು ಹಾಕಲು ಒಪ್ಪದಿದ್ದಾಗ ಗುರುಪಾದಪ್ಪನವರು ಒಪ್ಪಿದ್ದರು. ಅವರ ಸಿಟ್ಟು ಸುಳ್ಳಲ್ಲ.

ಪುಸ್ತಕ ಬಂದ ಮೂರನೆಯ ತಿಂಗಳು ಸುಜಯ ತೀರಿಕೊಂಡ. ಒಂದು ಪ್ರತಿಯಲ್ಲಿ ಅವನು ಏನೋ ತಿದ್ದುತ್ತಿದ್ದುದನ್ನು ನೋಡಿದ್ದೆ. ಅದಕ್ಕಾಗಿ ಮನೆಯನ್ನೆಲ್ಲ ಎರಡು ಸಲ ಹುಡುಕಿದೆ. ಸಿಗಲಿಲ್ಲ.

ಸಹಿ ಮಾಡದೆ ದೂರನ್ನು ಚೀಲದಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ.

ತಾಲಿಬನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿತ್ತು. ಕೇಳಿದೊಡನೆ ಒಂದು ಪ್ರತಿ ಕೊಟ್ಟ. "ನೋಡ್ಕೋರಿ ಅಕ್ಕಾರ, ಒಂದ ಪುಟಾನೂ ಕಮ್ಮಿ ಇಲ್ಲ."

ತಿರುವಿದೆ. ಐವತ್ತೆರಡನೆಯ ಪುಟದ ಪಟ್ಟಿಯಲ್ಲಿ 46 ಸುತ್ತು ಎಂದು ಅಚ್ಚಾಗಿದ್ದುದನ್ನು ಹೊಡೆದುಹಾಕಿ 64 ಎಂದು ಬರೆದಿತ್ತು. ಕೆಳಗೆ: "46 ಸುತ್ತಿದರೆ ಮೋಟರ್ ಸುಡುತ್ತದೆ. ತಪ್ಪು ನನ್ನದೇ."

ಸುಜಯನ ಅಕ್ಷರ.

"ಇದರ ಮೂಲ ಪ್ರತಿ ಎಲ್ಲೈತಿ?"

ಅವನ ಮುಖ ಬದಲಾಯಿತು. "ರವಿವಾರ ಪೇಟಿ ಸಾವಕಾರ್ರು ಕಳಿಸ್ಯಾರೇನ್ರಿ?"

"ಸುಜಯ ನನ್ನ ಮನಿಯವರು."

ತಾಲಿಬ ಎದ್ದು ತನ್ನ ಸ್ಟೂಲನ್ನು ಈಚೆ ಸರಿಸಿದ. "ಕುಂದರ್ರಿ ವೈನಿ," ಎಂದು ಅತ್ತಿಗೆಯನ್ನು ಕರೆದಂತೆ ಕರೆದ. ಕಪಾಟಿನಿಂದ ಪುಸ್ತಕ ತೆಗೆದು ತಂದ. "ಸರ್ ತಾವ ಇಟ್ಟ ಹೋದ್ರು. ಹುಡುಗ್ರು ಮೋಟರ್ ಸುಟ್ಟಾರು, ಕೇಳಿದವ್ರಿಗೆಲ್ಲಾ ಝೆರಾಕ್ಸ್ ತಗದ ಕೊಡು ಅಂದ್ರು."

"ಪುಸ್ತಕಾ ತಗೀ ಅಂದ್ರೋ, ಪುಟಾ ತಗೀ ಅಂದ್ರೋ?"

ಅವನು ಕತ್ತು ಕೆರೆದುಕೊಂಡ. "ಪುಟಾ ಅಂದಿದ್ರರಿ. ಪುಸ್ತಕಾ ಮಾಡಿದಾಂವ ನಾನ."

"ಗುರುಪಾದಪ್ಪ ಕಾಕಾರಿಗೆ ತಪ್ಪಿನ ವಿಷಯ ತಿಳಿಸಿದ್ರೇನು?"

"ಸೋಮವಾರ ಹೋಗಿ ಹೇಳ್ತೀನಿ ಅಂದಿದ್ರು."

ಆ ಸೋಮವಾರ ನನಗೆ ಗೊತ್ತು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

ದೂರನ್ನು ತೆಗೆದು ತೋರಿಸಿದೆ. ಓದಿ, ಮಡಚಿ, ಹಿಂದಕ್ಕೆ ಕೊಟ್ಟ. "ಪೊಲೀಸರಿಗೆ ಕೊಡ್ರಿ ವೈನಿ, ಹಕ್ಕ ನಿಮ್ದು. ಆದ್ರ ಆ ಪುಟಾ ಮಾತ್ರ ಹುಡುಗ್ರಿಗೆ ಸಿಗಲಿ."

ಸಹಿ ಇಲ್ಲದ ದೂರನ್ನು ಮತ್ತೆ ಚೀಲದಲ್ಲಿಟ್ಟೆ.

"ಪುಸ್ತಕಾ ಮಾರೂದು ಇವತ್ತಿಂದ ಬಂದ್," ಎಂದೆ. "ಆ ಪುಟಾ ನಾನೂರು ತಗೀ. ಕಾಕಾರ ಕಡೆ ಇದ್ದ ಪುಸ್ತಕಕ್ಕೆಲ್ಲಾ ಗೋಂದ ಹಾಕಿ ಹಚ್ಚತೀನಿ."

"ಅವ್ರು ಹಚ್ಚಗೊಡ್ತಾರೇನ್ರಿ?"

"ಹಕ್ಕ ನಂದಂತಲ್ಲಾ."

ತಾಲಿಬ ನಕ್ಕ. ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿದ. ಅವನ ಯಂತ್ರ ತೊಂಬತ್ತೊಂಬತ್ತರ ಮೇಲೆ ಎಣಿಸುವುದಿಲ್ಲವಂತೆ, ಪ್ರತಿ ಸಲ ನಿಂತಾಗಲೂ ಮತ್ತೆ ಗುಂಡಿ ಒತ್ತಿದ. ಹಾಳೆಗಳು ಬೆಚ್ಚಗೆ ಹೊರಗೆ ಬರುತ್ತಿದ್ದವು. ಕೆಲಸ ಮುಗಿದು ಸುಜಯನ ಪ್ರತಿ ನನ್ನ ಕೈಗೆ ಬರುವವರೆಗೆ ಅವನ್ನು ತೊಡೆಯ ಮೇಲೆ ಜೋಡಿಸುತ್ತ ಕೂತೆ.